ಗಾಳದ ಕೋಲಿನ ಬಿಡಿಭಾಗಗಳು: ಗುಣಮಟ್ಟವನ್ನು ಅಳೆಯುವ ಬಗೆ

ಅಂಗಡಿಯ ಗೋಡೆಗೆ ಒರಗಿಸಿಟ್ಟ ಎರಡು ಗಾಳದ ಕೋಲುಗಳು ನೋಡುವುದಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಉದ್ದ ಒಂದೇ, ಕಪ್ಪು ಬಣ್ಣ ಒಂದೇ, ಮೇಲಿನ ಹೊಳಪೂ ಒಂದೇ. ಆದರೆ ಒಂದರ ಬೆಲೆ ಇನ್ನೊಂದರ ಮೂರು ಪಟ್ಟು ಇರುತ್ತದೆ. ಗ್ರಾಹಕನು ಇದರ ಕಾರಣವನ್ನು ಕೇಳಿದಾಗ ‘ಇದು ಒಳ್ಳೆಯ ಕಂಪನಿಯ ಮಾಲು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅನೇಕ ವರ್ತಕರ ಬಳಿ ಇರುವುದಿಲ್ಲ. ಮೂರು ತಿಂಗಳ ತರುವಾಯ ಅದೇ ಗ್ರಾಹಕನು ಉಂಗುರ ಕಳಚಿಹೋದ ಕೋಲನ್ನು ಹಿಡಿದುಕೊಂಡು ಮರಳಿ ಬಂದಾಗ ಉತ್ತರ ಹೇಳುವುದು ಇನ್ನೂ ಕಷ್ಟವಾಗುತ್ತದೆ.

ಆಧುನಿಕ ಗಾಳದ ಕೋಲು ಒಂದೇ ವಸ್ತುವಲ್ಲ. ಹಲವು ಬಿಡಿಭಾಗಗಳ ಜೋಡಣೆ. ಬಹುಪಾಲು ಕೋಲುಗಳಲ್ಲಿ ಈ ಭಾಗಗಳು ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾಗಿ, ಮತ್ತೊಂದು ಕಡೆ ಜೋಡಿಸಲ್ಪಟ್ಟು, ಇನ್ನೊಬ್ಬರ ಹೆಸರಿನಲ್ಲಿ ಮಾರಾಟವಾಗುತ್ತವೆ. ಆದುದರಿಂದ ಕೋಲಿನ ಮೇಲಿರುವ ಹೆಸರು ಅದರ ಗುಣಮಟ್ಟದ ಪೂರ್ಣ ಖಾತರಿಯಲ್ಲ. ಎಲ್ಲ ಭಾಗಗಳೂ ಉತ್ತಮವಾಗಿದ್ದು ಒಂದು ಭಾಗ ಮಾತ್ರ ಕಳಪೆಯಾಗಿದ್ದರೂ ಇಡೀ ಕೋಲು ನಿರುಪಯುಕ್ತವಾಗುತ್ತದೆ. ಈ ಸರಕನ್ನು ತರಿಸುವ ವರ್ತಕರೂ, ಇದರ ಭಾಗಗಳನ್ನು ತಯಾರಿಸಲು ಯೋಚಿಸುವ ಸಣ್ಣ ಉದ್ದಿಮೆದಾರರೂ ಪ್ರತಿಯೊಂದು ಭಾಗದ ಕೆಲಸವೇನು, ಅದು ಎಲ್ಲಿ ಸೋಲುತ್ತದೆ, ಅದನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ಅರಿತಿರುವುದು ಅವಶ್ಯಕ.

ಬಿಡಿಭಾಗಗಳ ಪರಿಚಯ

ಕೋಲಿನ ಮೂಲ ದಂಡಕ್ಕೆ ವ್ಯಾಪಾರದಲ್ಲಿ ‘ಬ್ಲ್ಯಾಂಕ್’ ಎಂಬ ಹೆಸರಿದೆ. ದಾರವು ಹಾದುಹೋಗುವ ಉಂಗುರಗಳು ‘ಗೈಡ್’ಗಳು; ತುದಿಯಲ್ಲಿರುವ ಉಂಗುರ ‘ಟಿಪ್ ಟಾಪ್’. ದಾರ ಸುತ್ತುವ ರೀಲನ್ನು ಬಿಗಿದು ನಿಲ್ಲಿಸುವ ಭಾಗ ‘ರೀಲ್ ಸೀಟ್’. ಕೈಯಲ್ಲಿ ಹಿಡಿಯುವ ಭಾಗವು ಕಾರ್ಕ್ ಅಥವಾ ಇವಿಎ ಎಂಬ ನೊರೆ ಪ್ಲಾಸ್ಟಿಕ್‌ನಿಂದ ಆಗಿರುತ್ತದೆ. ಗೈಡ್‌ಗಳ ಪಾದಗಳನ್ನು ನೈಲಾನ್ ನೂಲಿನಿಂದ ದಂಡಕ್ಕೆ ಸುತ್ತಿ, ಅದರ ಮೇಲೆ ಎಪಾಕ್ಸಿ ಲೇಪವನ್ನು ಕೊಡಲಾಗುತ್ತದೆ. ಎರಡು ಅಥವಾ ಹೆಚ್ಚು ತುಂಡುಗಳ ಕೋಲಾದರೆ ಅವು ಒಂದಕ್ಕೊಂದು ಸೇರುವ ಕೂಡುಗಟ್ಟು ಇರುತ್ತದೆ. ಹಿಂದಿನ ತುದಿಗೆ ರಬ್ಬರಿನ ಮುಚ್ಚಳವಿರುತ್ತದೆ.

ಭಾರತದ ಸುಂಕ ಪಟ್ಟಿಯಲ್ಲಿ ಈ ಸರಕು 9507ನೆಯ ಶೀರ್ಷಿಕೆಯಡಿ ಬರುತ್ತದೆ. ಪೂರ್ಣ ಕೋಲುಗಳಿಗೆ 9507 10, ಗಾಳದ ಕೊಕ್ಕೆಗಳಿಗೆ 9507 20, ರೀಲುಗಳಿಗೆ 9507 30 ಎಂಬ ಉಪಶೀರ್ಷಿಕೆಗಳಿವೆ. ಉಂಗುರ, ರೀಲ್ ಸೀಟ್ ಮುಂತಾದವುಗಳನ್ನು ಬಿಡಿಯಾಗಿ ತರಿಸುವವರು ವರ್ಗೀಕರಣವನ್ನು ಮುಂಚಿತವಾಗಿಯೇ ಖಚಿತಪಡಿಸಿಕೊಳ್ಳುವುದು ಲೇಸು.

ದಂಡ: ‘ಟನ್’ ಎಂಬ ಅಂಕಿಯ ಅರ್ಥ

ಹಿಂದೆ ಬಿದಿರು, ಅನಂತರ ಗಾಜಿನ ನಾರು, 1970ರ ದಶಕದಿಂದ ಈಚೆಗೆ ಇಂಗಾಲದ ನಾರು – ದಂಡದ ವಸ್ತು ಹೀಗೆ ಬದಲಾಗುತ್ತ ಬಂದಿದೆ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ವಿಮಾನ ಸಂಶೋಧನಾ ಕೇಂದ್ರದಲ್ಲಿ 1960ರ ದಶಕದಲ್ಲಿ ಬಲಶಾಲಿ ಇಂಗಾಲದ ನಾರನ್ನು ತಯಾರಿಸುವ ಕ್ರಮವು ರೂಪುಗೊಂಡಿತು. ಜಪಾನಿನ ಟೋರೇ ಸಂಸ್ಥೆಯು 1971ರಲ್ಲಿ ಇದರ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿತು. ವಿಮಾನಗಳಿಗಾಗಿ ಹುಟ್ಟಿದ ಈ ನಾರಿಗೆ ಆರಂಭದ ವರ್ಷಗಳಲ್ಲಿ ಗಾಳದ ಕೋಲು, ಗಾಲ್ಫ್ ದಾಂಡು ಮುಂತಾದ ಕ್ರೀಡಾ ಸಾಮಗ್ರಿಗಳೇ ಮುಖ್ಯ ಮಾರುಕಟ್ಟೆಯಾದವು.

ದಂಡವನ್ನು ತಯಾರಿಸುವ ವಿಧಾನವು ಸರಳವೆನಿಸಿದರೂ ಎಚ್ಚರವನ್ನು ಬೇಡುತ್ತದೆ. ರಾಳವನ್ನು ಮೊದಲೇ ಹೀರಿಸಿದ ನಾರಿನ ಹಾಳೆಯನ್ನು ನಿಗದಿತ ಆಕಾರಕ್ಕೆ ಕತ್ತರಿಸಿ, ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ಉಕ್ಕಿನ ಅಚ್ಚುಕೋಲಿನ ಮೇಲೆ ಒತ್ತಿ ಸುರುಳಿ ಸುತ್ತುತ್ತಾರೆ. ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಕುಲುಮೆಯಲ್ಲಿ ಸಾಮಾನ್ಯವಾಗಿ 120ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಶಾಖಕ್ಕೆ ಪಟ್ಟಿಯು ಕುಗ್ಗಿ ಪದರಗಳನ್ನು ಅದುಮುತ್ತದೆ. ಒಳಗಿನ ಗಾಳಿಯೂ ಹೆಚ್ಚುವರಿ ರಾಳವೂ ಹೊರಬರುತ್ತವೆ. ಬಳಿಕ ಅಚ್ಚುಕೋಲನ್ನು ಎಳೆದು ತೆಗೆದು, ಪಟ್ಟಿಯನ್ನು ಬಿಚ್ಚಿ, ಮೇಲ್ಮೈಯನ್ನು ಉಜ್ಜಿ ನಯಗೊಳಿಸಲಾಗುತ್ತದೆ. ಹಾಳೆಯ ಕತ್ತರಿಸುವಿಕೆಯಲ್ಲಿ ಓರೆಯಾದರೆ ದಂಡವು ವಕ್ರವಾಗುತ್ತದೆ. ಪದರಗಳ ನಡುವೆ ಗಾಳಿ ಉಳಿದರೆ ಅಲ್ಲಿಯೇ ಮುರಿಯುತ್ತದೆ. ಉಜ್ಜುವಾಗ ಅತಿಯಾದರೆ ಹೊರಪದರದ ನಾರುಗಳೇ ಕತ್ತರಿಸಿಹೋಗುತ್ತವೆ.

ಕೋಲಿನ ಮೇಲೆ ‘24 ಟನ್’, ‘30 ಟನ್’, ‘40 ಟನ್’ ಎಂದು ಮುದ್ರಿಸುವುದು ವಾಡಿಕೆ. ಇದು ಕೋಲು ಎತ್ತಬಲ್ಲ ತೂಕವಲ್ಲ. ನಾರಿನ ಬಿಗುವನ್ನು, ಅಂದರೆ ಎಳೆತಕ್ಕೆ ಅದು ಹಿಗ್ಗದೆ ನಿಲ್ಲುವ ಗುಣವನ್ನು ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ಟನ್ ಎಂದು ಹೇಳುವ ಅಳತೆ. 24 ಟನ್ ಎಂದರೆ ಸುಮಾರು 235 ಗಿಗಾಪಾಸ್ಕಲ್. ಸಾಮಾನ್ಯ ಗಾಜಿನ ನಾರಿನ ಬಿಗುವು ಸುಮಾರು 72 ಗಿಗಾಪಾಸ್ಕಲ್ ಮಾತ್ರ. ಅದರ ಸಾಂದ್ರತೆಯಾದರೋ ಇಂಗಾಲದ ನಾರಿಗಿಂತ ಹೆಚ್ಚು. ಆದುದರಿಂದಲೇ ಇಂಗಾಲದ ಕೋಲು ತೆಳುವಾಗಿಯೂ ಹಗುರವಾಗಿಯೂ ಇದ್ದು ಮೀನಿನ ಸಣ್ಣ ಕಚ್ಚುವಿಕೆಯನ್ನೂ ಕೈಗೆ ತಿಳಿಸುತ್ತದೆ.

ಆದರೆ ಬಿಗುವು ಹೆಚ್ಚಿದಷ್ಟೂ ಗುಣಮಟ್ಟ ಹೆಚ್ಚು ಎಂದು ಭಾವಿಸುವುದು ತಪ್ಪು. ಗಾಜಿನ ನಾರು ತುಂಡಾಗುವ ಮೊದಲು ಶೇಕಡಾ 4ಕ್ಕಿಂತ ಹೆಚ್ಚು ಹಿಗ್ಗುತ್ತದೆ. 24 ಟನ್ ವರ್ಗದ ಇಂಗಾಲದ ನಾರು ಶೇಕಡಾ 1.5ರಿಂದ 2ರಷ್ಟು ಹಿಗ್ಗಿದರೆ, 40 ಟನ್ ವರ್ಗದ ನಾರು ಶೇಕಡಾ 1.2ರ ಆಸುಪಾಸಿನಲ್ಲಿಯೇ ತುಂಡಾಗುತ್ತದೆ. ಬಿಗುವು ಹೆಚ್ಚಿದಂತೆ ಗೋಡೆಯನ್ನೂ ತೆಳುವಾಗಿಸುವುದರಿಂದ ಅಂಥ ಕೋಲು ಕಲ್ಲಿಗೆ ತಗುಲಿದ ಸಣ್ಣ ಪೆಟ್ಟನ್ನೂ ಸಹಿಸದು. ಕಡಲತೀರದ ಬಂಡೆಗಳ ಮೇಲೆ ನಿಂತು ಗಾಳ ಹಾಕುವವನಿಗೆ 40 ಟನ್ನಿನ ಕೋಲಿಗಿಂತ ಗಾಜಿನ ನಾರು ಬೆರೆಸಿದ ಮಧ್ಯಮ ವರ್ಗದ ಕೋಲೇ ಹೆಚ್ಚು ಬಾಳಿಕೆ ಬಂದೀತು. ಅಲ್ಲದೆ ‘40 ಟನ್’ ಎಂಬ ಮುದ್ರೆಯಿರುವ ಕೋಲಿನ ಎಲ್ಲ ಪದರಗಳೂ ಆ ನಾರಿನಿಂದಲೇ ಆಗಿರಬೇಕೆಂದಿಲ್ಲ; ಒಂದು ಪದರವಷ್ಟೇ ಆಗಿರಬಹುದು. ರಾಳದ ಗುಣ, ಪದರಗಳ ಜೋಡಣೆ, ಅಡ್ಡ ನಾರುಗಳ ಪ್ರಮಾಣ ಇವು ಅಂಕಿಯಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಮುಖ್ಯವಾಗುತ್ತವೆ.

ಉಂಗುರ: ಚಿಕ್ಕ ಭಾಗ, ದೊಡ್ಡ ಹೊಣೆ

ಕೋಲಿನ ಭಾಗಗಳಲ್ಲಿ ಅತಿ ಹೆಚ್ಚು ಸವೆತಕ್ಕೆ ಒಳಗಾಗುವುದು ಗೈಡ್‌ನ ಒಳ ಉಂಗುರ. ಮೀನು ಓಡುವಾಗ ದಾರವು ಒತ್ತಡದಿಂದ ಉಂಗುರವನ್ನು ಉಜ್ಜುತ್ತದೆ. ಜೊತೆಗೆ ಮರಳಿನ ಕಣ, ಉಪ್ಪಿನ ಹರಳುಗಳೂ ಸೇರಿಕೊಳ್ಳುತ್ತವೆ. ಬರಿಯ ಉಕ್ಕಿನ ಉಂಗುರದಲ್ಲಿ ಕಾಲಕ್ರಮೇಣ ಗೀರು ಬೀಳುತ್ತದೆ. ಗೀರು ಬಿದ್ದ ಉಂಗುರವು ದಾರಕ್ಕೆ ಗರಗಸವಿದ್ದಂತೆ. ದಾರ ತುಂಡಾದಾಗ ಗ್ರಾಹಕನು ದಾರವನ್ನು ದೂರುತ್ತಾನೆ, ತಪ್ಪು ಉಂಗುರದ್ದಾಗಿರುತ್ತದೆ.

ಈ ಸಮಸ್ಯೆಗೆ ಪರಿಹಾರವಾಗಿ ಪಿಂಗಾಣಿ ಜಾತಿಯ ಉಂಗುರಗಳು ಬಳಕೆಗೆ ಬಂದವು. ಈ ಕ್ಷೇತ್ರದಲ್ಲಿ ಜಪಾನಿನ ಶಿಜುವೋಕಾದ ಫುಜಿ ಕೋಗ್ಯೋ ಸಂಸ್ಥೆಯು ದೀರ್ಘಕಾಲದಿಂದ ಮುಂಚೂಣಿಯಲ್ಲಿದೆ. ಮೊದಲು ಅಲ್ಯೂಮಿನಿಯಂ ಆಕ್ಸೈಡ್, ಬಳಿಕ 1980ರ ದಶಕದಲ್ಲಿ ಸಿಲಿಕಾನ್ ಕಾರ್ಬೈಡ್ ಉಂಗುರಗಳು ಪ್ರಚಾರಕ್ಕೆ ಬಂದವು. ವಿಕರ್ಸ್ ಗಡಸುತನದ ಅಳತೆಯಲ್ಲಿ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕು 200ರ ಸುತ್ತಮುತ್ತ ಇದ್ದರೆ, ಅಲ್ಯೂಮಿನಿಯಂ ಆಕ್ಸೈಡ್ ಉಂಗುರ ಸುಮಾರು 1,300ರಿಂದ 1,600, ಸಿಲಿಕಾನ್ ಕಾರ್ಬೈಡ್ 2,200ಕ್ಕೂ ಹೆಚ್ಚು.

ಗಡಸುತನದಷ್ಟೇ ಮುಖ್ಯವಾದುದು ಶಾಖವನ್ನು ಸಾಗಿಸುವ ಗುಣ. ಉಜ್ಜುವಿಕೆಯಿಂದ ಹುಟ್ಟುವ ಶಾಖವು ಒಂದೇ ಬಿಂದುವಿನಲ್ಲಿ ನಿಂತರೆ ದಾರವು ದುರ್ಬಲವಾಗುತ್ತದೆ. 1990ರ ದಶಕದಿಂದ ಜನಪ್ರಿಯವಾಗಿರುವ ಹೆಣೆದ ಪಾಲಿಎಥಿಲೀನ್ ದಾರವು ಅತ್ಯಂತ ಬಲಶಾಲಿಯಾದರೂ 150 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುತ್ತದೆ. ನೈಲಾನ್ ದಾರ ಕರಗುವುದು ಸುಮಾರು 220 ಡಿಗ್ರಿಯಲ್ಲಿ. ಸಿಲಿಕಾನ್ ಕಾರ್ಬೈಡ್ ಶಾಖವನ್ನು ಉಕ್ಕಿಗಿಂತಲೂ ಅಲ್ಯೂಮಿನಿಯಂ ಆಕ್ಸೈಡಿಗಿಂತಲೂ ಹಲವು ಪಟ್ಟು ವೇಗವಾಗಿ ಹರಡುವುದರಿಂದ ಹೆಣೆದ ದಾರಕ್ಕೆ ಅದು ತಕ್ಕ ಜೊತೆ. ಜಿರ್ಕೋನಿಯಾ ಉಂಗುರವು ಗಟ್ಟಿಮುಟ್ಟಾಗಿದ್ದು ಪೆಟ್ಟನ್ನು ಸಹಿಸುತ್ತದೆಯಾದರೂ ಶಾಖವನ್ನು ಸಾಗಿಸುವಲ್ಲಿ ಹಿಂದೆ ಬೀಳುತ್ತದೆ. ಗ್ರಾಹಕನು ಯಾವ ದಾರವನ್ನು ಬಳಸುತ್ತಾನೆಂದು ಕೇಳದೆಯೇ ಕೋಲನ್ನು ಮಾರುವುದು ಮುಂದಿನ ದೂರಿಗೆ ಆಹ್ವಾನವಿತ್ತಂತೆ.

ಹೊರನೋಟಕ್ಕೆ ಈ ಉಂಗುರಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಪ್ಪು ಬಣ್ಣದ ಅಲ್ಯೂಮಿನಿಯಂ ಆಕ್ಸೈಡ್ ಉಂಗುರವನ್ನು ಸಿಲಿಕಾನ್ ಕಾರ್ಬೈಡ್ ಎಂದು ಮಾರುವುದು ಸುಲಭ. ಆದುದರಿಂದ ಖರೀದಿ ಆದೇಶದಲ್ಲಿ ‘ಪಿಂಗಾಣಿ ಉಂಗುರ’ ಎಂಬ ಸಾಮಾನ್ಯ ಪದವನ್ನು ಬಳಸದೆ ವಸ್ತುವಿನ ಹೆಸರು, ತಯಾರಕ, ಮಾದರಿ ಸಂಖ್ಯೆ, ಚೌಕಟ್ಟಿನ ಲೋಹ ಇವಿಷ್ಟನ್ನೂ ಸ್ಪಷ್ಟವಾಗಿ ಬರೆಯುವುದು ಉಚಿತ.

ಚೌಕಟ್ಟು ಮತ್ತು ತುಕ್ಕು

ಉಂಗುರ ಎಷ್ಟೇ ಉತ್ತಮವಾಗಿದ್ದರೂ ಅದನ್ನು ಹಿಡಿದಿಡುವ ಚೌಕಟ್ಟು ಕಳಪೆಯಾಗಿದ್ದರೆ ಪ್ರಯೋಜನವಿಲ್ಲ. ಚೌಕಟ್ಟು ಸ್ವಲ್ಪ ಬಾಗಿದರೆ ಸಾಕು, ಒಳ ಉಂಗುರ ಸಡಿಲವಾಗಿ ಕಳಚಿ ಬೀಳುತ್ತದೆ. ಉಳಿದ ಲೋಹದ ಅಂಚು ದಾರವನ್ನು ಕೊಯ್ಯುತ್ತದೆ. ಅಗ್ಗದ ಕೋಲುಗಳ ಬಗೆಗೆ ಬರುವ ದೂರುಗಳಲ್ಲಿ ಇದು ಸಾಮಾನ್ಯವಾದುದು.

ಚೌಕಟ್ಟಿಗೆ ಬಳಸುವ ಲೋಹಗಳಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಸಿಹಿನೀರಿನ ಬಳಕೆಗೆ ಸಾಕಾಗುತ್ತದೆ. ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುವ 316 ದರ್ಜೆಯು ಉಪ್ಪುನೀರಿಗೆ ಹೆಚ್ಚು ಸೂಕ್ತ. ಟೈಟಾನಿಯಂ ತುಕ್ಕು ಹಿಡಿಯದು, ತೂಕವೂ ಕಡಿಮೆ; ಬೆಲೆ ಮಾತ್ರ ಹೆಚ್ಚು. ಕೋಲಿನ ತುದಿಯಲ್ಲಿ ಉಳಿಸಿದ ಒಂದು ಗ್ರಾಂ ತೂಕವು ಹಿಡಿಯ ಬಳಿ ಉಳಿಸಿದ ಹಲವು ಗ್ರಾಂಗಳಿಗೆ ಸಮ. ಕೈಯಿಂದ ದೂರವಿರುವ ತೂಕಕ್ಕೆ ಸನ್ನೆಕೋಲಿನಂತೆ ಬಲ ಹೆಚ್ಚು. ತುದಿಯ ಗೈಡ್‌ಗಳಿಗೆ ಟೈಟಾನಿಯಂ ಬಳಸುವುದಕ್ಕೆ ಇದೇ ಕಾರಣ.

ಅಯಸ್ಕಾಂತ ಹಿಡಿದು ಉಕ್ಕಿನ ದರ್ಜೆಯನ್ನು ನಿರ್ಣಯಿಸುವ ರೂಢಿ ಅನೇಕರಲ್ಲಿದೆ. ಇದು ಪೂರ್ಣವಾಗಿ ನಂಬತಕ್ಕದ್ದಲ್ಲ. 304 ದರ್ಜೆಯ ತಂತಿಯನ್ನು ಬಾಗಿಸಿ ಒತ್ತಿದಾಗ ಅದು ಅಯಸ್ಕಾಂತಕ್ಕೆ ಸ್ವಲ್ಪ ಅಂಟಬಹುದು. ಅದೇ ವೇಳೆ ನಿಕಲ್ ಕಡಿಮೆಯಿರುವ, ಬೇಗ ತುಕ್ಕು ಹಿಡಿಯುವ 200 ಸರಣಿಯ ಉಕ್ಕು ಅಂಟದೆಯೂ ಇರಬಹುದು. ಖಚಿತವಾಗಿ ತಿಳಿಯಲು ಲೋಹದ ಪ್ರಯೋಗಾಲಯ ಪರೀಕ್ಷೆ ಅಥವಾ ಉಪ್ಪುನೀರಿನ ಸಿಂಪಡಣೆಯ ಪರೀಕ್ಷೆಯೇ ಮಾರ್ಗ. ಎಎಸ್‌ಟಿಎಂ ಬಿ 117 ಎಂಬ ಪ್ರಮಾಣಿತ ವಿಧಾನದಲ್ಲಿ ಶೇಕಡಾ 5ರ ಉಪ್ಪಿನ ದ್ರಾವಣವನ್ನು 35 ಡಿಗ್ರಿ ಶಾಖದಲ್ಲಿ ಮಂಜಿನಂತೆ ಸಿಂಪಡಿಸಲಾಗುತ್ತದೆ. ಮಂಗಳೂರು, ಮಲ್ಪೆ, ಕಾರವಾರಗಳಂಥ ಕರಾವಳಿ ಊರುಗಳ ಗ್ರಾಹಕರಿಗೆ ಮಾರುವವರು ಇಷ್ಟು ಖರ್ಚನ್ನು ಮಾಡುವುದು ವ್ಯರ್ಥವಲ್ಲ.

ರೀಲ್ ಸೀಟ್ ಮತ್ತು ಹಿಡಿ

ರೀಲ್ ಸೀಟ್‌ನ ಕೆಲಸ ಒಂದೇ: ರೀಲು ಕದಲದಂತೆ ಹಿಡಿಯುವುದು. ಇಂದು ಹೆಚ್ಚಿನ ಸೀಟ್‌ಗಳು ನಾರು ಬೆರೆಸಿದ ನೈಲಾನ್‌ನಿಂದ ಅಚ್ಚು ಹೊಯ್ದವು. ಇಲ್ಲಿ ಪರೀಕ್ಷಿಸಬೇಕಾದುದು ಮೂರು ಸಂಗತಿ. ಮೊದಲನೆಯದು ತಿರುಪಿನ ಹಲ್ಲುಗಳ ಸ್ವಚ್ಛತೆ. ಅಚ್ಚಿನ ಅಂಚುಗಳಲ್ಲಿ ಉಳಿದ ಪ್ಲಾಸ್ಟಿಕ್ ಪೊರೆಯಿಂದ ತಿರುಪು ಸರಿಯಾಗಿ ಕೂರುವುದಿಲ್ಲ. ಎರಡನೆಯದು ರೀಲಿನ ಪಾದವನ್ನು ಹಿಡಿಯುವ ಟೋಪಿಯ ಬಲ. ಮೂರನೆಯದು, ಕಣ್ಣಿಗೆ ಕಾಣದುದು: ಸೀಟ್ ಮತ್ತು ದಂಡದ ನಡುವಿನ ಅಂಟು. ಸೀಟ್‌ನ ಒಳವ್ಯಾಸವು ದಂಡಕ್ಕಿಂತ ದೊಡ್ಡದಾಗಿರುವುದರಿಂದ ನಡುವೆ ತುಂಬು ವಸ್ತುವನ್ನು ಇಡಬೇಕಾಗುತ್ತದೆ. ಉತ್ತಮ ತಯಾರಕರು ಗಟ್ಟಿ ನೊರೆಯ ಬಳೆಗಳನ್ನು ಅಳತೆಗೆ ಕೊರೆದು ಎಪಾಕ್ಸಿಯಿಂದ ಕೂಡಿಸುತ್ತಾರೆ. ಕಳಪೆ ಕೋಲಿನಲ್ಲಿ ಎರಡು ಸುತ್ತು ಕಾಗದದ ಪಟ್ಟಿ, ನಡುವೆ ಪೊಳ್ಳು. ನೀರು ಇಳಿದು ಕಾಗದ ನೆನೆದಾಗ ಸೀಟ್ ತಿರುಗತೊಡಗುತ್ತದೆ. ಬೆರಳಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅನುಮಾನಿಸಬೇಕು.

ಅಲ್ಯೂಮಿನಿಯಂ ಸೀಟ್‌ಗಳಲ್ಲಿ ಮತ್ತೊಂದು ಅಪಾಯವಿದೆ. ಉಪ್ಪುನೀರಿನ ಸಮ್ಮುಖದಲ್ಲಿ ಇಂಗಾಲದ ನಾರಿಗೆ ನೇರವಾಗಿ ತಗುಲಿದ ಅಲ್ಯೂಮಿನಿಯಂ ಬೇಗನೆ ಕೊರೆದುಹೋಗುತ್ತದೆ. ಅನೋಡೈಸ್ ಮಾಡಿದ ಮೇಲ್ಮೈ, ದಂಡಕ್ಕೂ ಲೋಹಕ್ಕೂ ನಡುವೆ ಪೂರ್ಣವಾದ ಅಂಟಿನ ಪದರ – ಇವೆರಡೂ ಇರಲೇಬೇಕು.

ಹಿಡಿಗೆ ಬಳಸುವ ಕಾರ್ಕ್ ಓಕ್ ಜಾತಿಯ ಮರದ ತೊಗಟೆ. ಜಗತ್ತಿನ ಕಾರ್ಕ್ ಉತ್ಪಾದನೆಯ ಸುಮಾರು ಅರ್ಧಭಾಗ ಪೋರ್ಚುಗಲ್ ದೇಶದ್ದು. ಮರಕ್ಕೆ ಸುಮಾರು 25 ವರ್ಷವಾದ ಮೇಲೆ ಮೊದಲ ಬಾರಿ ತೊಗಟೆ ಸುಲಿಯುತ್ತಾರೆ; ಆಮೇಲೆ ಪ್ರತಿ 9 ವರ್ಷಕ್ಕೊಮ್ಮೆ. ಉತ್ತಮ ದರ್ಜೆಯ ಕಾರ್ಕ್ ದೊರೆಯುವುದು ಮೂರನೆಯ ಸುಲಿಗೆಯಿಂದ ಮುಂದಕ್ಕೆ. ಹೀಗಾಗಿ ಬೇಡಿಕೆ ಏರಿದೊಡನೆ ಉತ್ಪಾದನೆಯನ್ನು ಏರಿಸಲಾಗದು. ಸೀಸೆಯ ಬಿರಡೆ ತಯಾರಕರೂ ಇದೇ ಮಾಲಿಗೆ ಪೈಪೋಟಿ ನಡೆಸುತ್ತಾರೆ. ಅಗ್ಗದ ಕಾರ್ಕ್‌ನಲ್ಲಿ ಕುಳಿಗಳು ಹೆಚ್ಚು. ಅವುಗಳನ್ನು ಕಾರ್ಕ್ ಪುಡಿ ಮತ್ತು ಅಂಟಿನ ಮಿಶ್ರಣದಿಂದ ತುಂಬಿರುತ್ತಾರೆ. ಹೊಸದಿರುವಾಗ ನಯವಾಗಿ ಕಾಣುವ ಹಿಡಿಯಿಂದ ಕೆಲವೇ ತಿಂಗಳಲ್ಲಿ ಈ ತುಂಬು ಉದುರಿಹೋಗುತ್ತದೆ. ಅಂಥ ಕಾರ್ಕ್‌ಗಿಂತ ಸರಿಯಾದ ಸಾಂದ್ರತೆಯ ಇವಿಎ ಹಿಡಿಯೇ ಉತ್ತಮ; ಅದು ನೀರನ್ನು ಹೀರದು, ತೊಳೆಯಲು ಸುಲಭ.

ಸಾಗಣೆಗಾಗಿ ಹಿಡಿಗೆ ಸುತ್ತಿದ ಪ್ಲಾಸ್ಟಿಕ್ ಹೊದಿಕೆಯನ್ನು ಹಾಗೆಯೇ ಬಿಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಮಳೆಗಾಲದಲ್ಲಿ ಅದರೊಳಗೆ ತೇವ ನಿಂತು ಕಾರ್ಕ್ ಬೂಸಲು ಹಿಡಿಯುತ್ತದೆ, ಸೀಟ್‌ನ ಲೋಹಕ್ಕೆ ತುಕ್ಕು ಬರುತ್ತದೆ. ಮಾರಾಟದ ವೇಳೆ ಹೊದಿಕೆಯನ್ನು ತೆಗೆಯುವಂತೆ ಗ್ರಾಹಕನಿಗೆ ಹೇಳುವುದು ಖರ್ಚಿಲ್ಲದ ಸೇವೆ.

ನೂಲಿನ ಸುತ್ತು ಮತ್ತು ಲೇಪ

ಗೈಡ್‌ನ ಪಾದವು ದಂಡದ ಮೇಲೆ ಕೂರುವ ಜಾಗದಲ್ಲಿ ಅದರ ತುದಿಯನ್ನು ಉಜ್ಜಿ ಚೂಪಿಲ್ಲದಂತೆ ತೆಳುವಾಗಿಸಬೇಕು. ಹಾಗೆ ಮಾಡದಿದ್ದರೆ ಕೋಲು ಬಾಗಿದಾಗಲೆಲ್ಲ ಪಾದದ ಅಂಚು ದಂಡವನ್ನು ಕೊರೆಯುತ್ತದೆ. ಕೊನೆಗೆ ದಂಡ ಅಲ್ಲಿಯೇ ಮುರಿಯುತ್ತದೆ. ಇದನ್ನು ದಂಡದ ದೋಷವೆಂದು ತಿಳಿಯುವವರೇ ಹೆಚ್ಚು. ನೂಲಿನ ಸುತ್ತುಗಳ ನಡುವೆ ಸಂದು ಇರಬಾರದು. ಲೇಪದ ಎರಡು ದ್ರವಗಳ ಅಳತೆ ತಪ್ಪಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಲೇಪ ಒಣಗುವವರೆಗೆ ಕೋಲನ್ನು ನಿಧಾನವಾಗಿ ತಿರುಗಿಸುತ್ತಿರಬೇಕು. ಇಲ್ಲವಾದರೆ ಲೇಪವು ಒಂದೇ ಪಕ್ಕಕ್ಕೆ ಇಳಿಯುತ್ತದೆ. ಅತಿ ದಪ್ಪನೆಯ ಲೇಪವೂ ಗುಣವಲ್ಲ; ಅದು ತೂಕ ಹೆಚ್ಚಿಸಿ, ಬಾಗಿದಾಗ ಬಿರುಕು ಬಿಡುತ್ತದೆ.

ಗೈಡ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಿ ಬೆಲೆ ಇಳಿಸುವುದೂ ಉಂಟು. ಕೋಲಿನ ಉದ್ದದ ಪ್ರತಿ ಅಡಿಗೆ ಒಂದು, ಮೇಲೆ ಒಂದು ಎಂಬುದು ರೂಢಿಯ ಲೆಕ್ಕ. ಏಳು ಅಡಿಯ ಕೋಲಿಗೆ ಐದೇ ಗೈಡ್ ಇದ್ದರೆ ಬಾಗುವ ಹೊರೆ ಸಮನಾಗಿ ಹಂಚಿಕೆಯಾಗುವುದಿಲ್ಲ.

ಉಳಿತಾಯದ ನಿಜವಾದ ಲೆಕ್ಕ

ಒಬ್ಬ ವರ್ತಕನು ತನ್ನ ಹೆಸರಿನಲ್ಲಿ 100 ಕೋಲುಗಳನ್ನು ಮಾಡಿಸುತ್ತಾನೆ, ಪ್ರತಿಯೊಂದರ ಖರೀದಿ ಬೆಲೆ 2,000 ರೂಪಾಯಿ, ಪ್ರತಿ ಕೋಲಿಗೆ 8 ಗೈಡ್ ಎಂದು ಭಾವಿಸಬಹುದು. ಅಗ್ಗದ ಗೈಡ್ ಹಾಕಿಸಿ ಒಂದಕ್ಕೆ 15 ರೂಪಾಯಿ ಉಳಿಸಿದರೆ ಕೋಲಿಗೆ 120 ರೂಪಾಯಿ, ಒಟ್ಟು 12,000 ರೂಪಾಯಿ ಉಳಿತಾಯ. ಆದರೆ ನೂರರಲ್ಲಿ ಆರು ಕೋಲುಗಳು ಮರಳಿ ಬಂದು ಬದಲಿ ಕೊಡಬೇಕಾದರೆ ಅಷ್ಟೂ ಹಣ ಅಲ್ಲಿಗೆ ಮುಗಿಯಿತು. ಏಳನೆಯದರಿಂದ ನಷ್ಟ. ಸಾಗಣೆಯ ವೆಚ್ಚ, ನೌಕರರ ಸಮಯ ಈ ಲೆಕ್ಕದಲ್ಲಿ ಸೇರಿಲ್ಲ. ದೂರು ಹೇಳದೆಯೇ ಬೇರೆ ಅಂಗಡಿಗೆ ಹೋದ ಗ್ರಾಹಕನಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಸರಕು ಬಂದಾಗ ಮಾಡಬೇಕಾದ ಪರೀಕ್ಷೆ

ದುಬಾರಿ ಯಂತ್ರಗಳಿಲ್ಲದೆಯೇ ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳು ಹಲವು.

ಪ್ರತಿ ಉಂಗುರದ ಒಳಗೆ ಸ್ವಲ್ಪ ಹತ್ತಿಯನ್ನು ತೂರಿಸಿ ಸುತ್ತಲೂ ಉಜ್ಜಬೇಕು. ಕೂದಲಿನಷ್ಟು ಬಿರುಕಿದ್ದರೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಉಂಗುರವನ್ನು ಮೆಲ್ಲಗೆ ಒತ್ತಿದಾಗ ಅದು ಅಲುಗಬಾರದು.

ಕೋಲನ್ನು ಜೋಡಿಸಿ ಹಿಂದಿನ ತುದಿಯಿಂದ ಒಂದು ಕಣ್ಣಿನಲ್ಲಿ ನೋಡಿದರೆ ಎಲ್ಲ ಗೈಡ್‌ಗಳೂ ಒಂದೇ ಸಾಲಿನಲ್ಲಿರಬೇಕು. ಕೋಲನ್ನು ತಿರುಗಿಸುತ್ತ ನೋಡಿದರೆ ವಕ್ರತೆ ತಿಳಿಯುತ್ತದೆ. ಕೂಡುಗಟ್ಟನ್ನು ಸೇರಿಸಿ ಅಲ್ಲಾಡಿಸಿದಾಗ ‘ಟಕ್’ ಎಂಬ ಸದ್ದು ಬರಬಾರದು.

ಹಿಡಿಯನ್ನು ಮೇಜಿಗೆ ಬಿಗಿದು, ತುದಿಗೆ ಕೋಲಿನ ಶಕ್ತಿಗೆ ತಕ್ಕ ನಿಗದಿತ ತೂಕವನ್ನು ತೂಗುಹಾಕಿ, ತುದಿ ಎಷ್ಟು ಸೆಂಟಿಮೀಟರ್ ಇಳಿಯಿತೆಂದು ಅಳೆಯಬೇಕು. ಒಪ್ಪಿದ ಮಾದರಿ ಕೋಲಿನ ಅಳತೆಯೊಡನೆ ಹೊಸ ಸರಕನ್ನು ಹೋಲಿಸಿದರೆ ತಯಾರಕನು ನಾರನ್ನು ಅಥವಾ ಪದರವನ್ನು ಬದಲಿಸಿದ್ದರೆ ಗೊತ್ತಾಗುತ್ತದೆ. ಇದಕ್ಕಾಗಿ ಒಪ್ಪಿದ ಮಾದರಿಗೆ ಇಬ್ಬರೂ ಸಹಿ ಹಾಕಿ ಒಂದನ್ನು ಅಂಗಡಿಯಲ್ಲಿಯೇ ಕಾದಿರಿಸುವುದು ಅವಶ್ಯ.

ನಿಜವಾದ ರೀಲನ್ನು ಸೀಟ್‌ಗೆ ಬಿಗಿದು ಬಲವಾಗಿ ಆಚೀಚೆ ಅಲುಗಿಸಬೇಕು. ಲೇಪದ ಮೇಲೆ ಉಗುರು ಒತ್ತಿದರೆ ಗುರುತು ಉಳಿಯಬಾರದು.

ಪ್ರತಿಯೊಂದು ಕೋಲನ್ನೂ ಪರೀಕ್ಷಿಸಲು ಸಾಧ್ಯವಾಗದಿದ್ದಲ್ಲಿ ಎಷ್ಟರಲ್ಲಿ ಎಷ್ಟನ್ನು ಆರಿಸಬೇಕು, ಎಷ್ಟು ದೋಷ ಕಂಡರೆ ಇಡೀ ಸರಕನ್ನು ತಿರಸ್ಕರಿಸಬೇಕು ಎಂಬುದಕ್ಕೆ ಭಾರತೀಯ ಮಾನಕ ಐಎಸ್ 2500ರ ಮೊದಲ ಭಾಗದಲ್ಲಿ ಕೋಷ್ಟಕಗಳಿವೆ. ಖರೀದಿ ಒಪ್ಪಂದದಲ್ಲಿಯೇ ಇದನ್ನು ನಮೂದಿಸಿದರೆ ಮುಂದೆ ವಾದಕ್ಕೆ ಎಡೆಯಿರದು.

ಕಾನೂನಿನ ಹೊಣೆ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ಉತ್ಪನ್ನದ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ತಯಾರಕನು ಯಾರೆಂದು ತಿಳಿಯದಿದ್ದರೆ, ಅಥವಾ ಭಾರತದ ಕಾನೂನು ಅವನಿಗೆ ಅನ್ವಯಿಸದಿದ್ದರೆ ದೋಷಪೂರಿತ ವಸ್ತುವಿನಿಂದಾದ ಹಾನಿಗೆ ಮಾರಾಟಗಾರನೇ ಉತ್ತರ ಹೇಳಬೇಕಾಗಬಹುದು. ತಾನಾಗಿಯೇ ಪ್ರತ್ಯೇಕ ಖಾತರಿಯನ್ನು ಕೊಟ್ಟಿದ್ದರೂ ಇದೇ ಸ್ಥಿತಿ. ಹೆಸರಿಲ್ಲದ ವಿದೇಶಿ ಕಾರ್ಖಾನೆಯಿಂದ ಕೋಲು ತರಿಸಿ ಸ್ವಂತ ಹೆಸರಿನಲ್ಲಿ ಮಾರುವವರು ಇದನ್ನು ಗಮನಿಸಬೇಕು. ಆಮದಾದ ಪೊಟ್ಟಣಗಳ ಮೇಲೆ ಆಮದುದಾರನ ಹೆಸರು ವಿಳಾಸ, ಮೂಲ ದೇಶ, ಗರಿಷ್ಠ ಚಿಲ್ಲರೆ ಬೆಲೆ ಮುಂತಾದ ವಿವರಗಳನ್ನು 2011ರ ಕಾನೂನು ಮಾಪನ ನಿಯಮಗಳಂತೆ ನಮೂದಿಸುವುದೂ ಕಡ್ಡಾಯ.

ಇಂಗಾಲದ ನಾರು ವಿದ್ಯುತ್ತನ್ನು ಹರಿಸುತ್ತದೆ. ವಿದ್ಯುತ್ ತಂತಿಗಳ ಕೆಳಗೆ ಅಥವಾ ಗುಡುಗು ಮಿಂಚಿನ ವೇಳೆ ಇಂಥ ಕೋಲನ್ನು ಎತ್ತಿ ಹಿಡಿಯುವುದು ಪ್ರಾಣಾಪಾಯಕರ. ಕೆರೆಗಳ ಏರಿಯ ಮೇಲೆ ತಂತಿಗಳು ಹಾದುಹೋಗಿರುವುದು ನಮ್ಮಲ್ಲಿ ಸಾಮಾನ್ಯ ದೃಶ್ಯ. ಈ ಎಚ್ಚರಿಕೆಯನ್ನು ಕನ್ನಡದಲ್ಲಿ ಮುದ್ರಿಸಿ ಕೋಲಿಗೆ ಅಂಟಿಸುವ ಖರ್ಚು ಕೆಲವೇ ಪೈಸೆ. ಅದರಿಂದ ಉಳಿಯಬಹುದಾದುದು ಒಂದು ಜೀವ. ಅಂತೆಯೇ, ಕಾವೇರಿ ವನ್ಯಧಾಮದಂಥ ಸಂರಕ್ಷಿತ ಪ್ರದೇಶಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದ ಗಾಳ ಕ್ರೀಡೆಯು 2010ರ ದಶಕದ ಆರಂಭದಲ್ಲಿ ನಿಂತಿದೆ. ಅಲ್ಲಿಯ ಪ್ರಸಿದ್ಧ ಮಹಶೀರ್ ಮೀನಿನ ತಳಿಯನ್ನು 2018ರಲ್ಲಿ ಅತ್ಯಂತ ಅಪಾಯದಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಎಲ್ಲಿ ಅನುಮತಿ ಬೇಕು, ಎಲ್ಲಿ ನಿಷೇಧವಿದೆ ಎಂಬುದನ್ನು ಗ್ರಾಹಕನಿಗೆ ತಿಳಿಸುವುದು ವರ್ತಕನ ಕರ್ತವ್ಯದ ಭಾಗ.

ಸಣ್ಣ ಉದ್ದಿಮೆದಾರರಿಗೆ

ಚೀನಾದ ಶಾಂಡಾಂಗ್ ಪ್ರಾಂತ್ಯದ ವೈಹೈ ನಗರವು ಗಾಳದ ಕೋಲುಗಳ ಉತ್ಪಾದನೆಗೆ ಹೆಸರುವಾಸಿ. ದಂಡ, ಗೈಡ್, ಸೀಟ್, ಹಿಡಿ ಎಲ್ಲವೂ ಒಂದೇ ಪ್ರದೇಶದಲ್ಲಿ ದೊರೆಯುವುದೇ ಅಲ್ಲಿಯ ಬಲ. ಪೂರ್ಣ ಕೋಲಿನಲ್ಲಿ ಅದರೊಡನೆ ಬೆಲೆಯ ಪೈಪೋಟಿಗೆ ಇಳಿಯುವುದು ಸಣ್ಣ ಕಾರ್ಖಾನೆಗೆ ಕಷ್ಟಸಾಧ್ಯ. ಆದರೆ ಯಂತ್ರದಲ್ಲಿ ಕೊರೆದ ರೀಲ್ ಸೀಟ್ ಟೋಪಿ, ಹಿಂದಿನ ತುದಿಯ ಲೋಹದ ಭಾಗ, ಇವಿಎ ಹಿಡಿ, ಅಚ್ಚು ಹೊಯ್ದ ಸೀಟ್, ಮುರಿದ ಕೋಲಿನ ದುರಸ್ತಿ ಮುಂತಾದ ಬಿಡಿ ಕೆಲಸಗಳಿಗೆ ಬೇಕಾದ ಯಂತ್ರ ಮತ್ತು ಕೈಚಳಕ ಬೆಂಗಳೂರಿನ ಪೀಣ್ಯ, ಬೆಳಗಾವಿ, ಹುಬ್ಬಳ್ಳಿಗಳ ಘಟಕಗಳಲ್ಲಿ ಈಗಾಗಲೇ ಇವೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಇಂಗಾಲದ ನಾರಿನ ತಂತ್ರಜ್ಞಾನವನ್ನು ದೇಶದಲ್ಲಿಯೇ ರೂಪಿಸಿದ ಸಂಸ್ಥೆ; ನಾರು ಮತ್ತು ರಾಳಗಳ ಕೆಲಸ ಬಲ್ಲ ತಂತ್ರಜ್ಞರೂ ಈ ನಗರದಲ್ಲಿ ವಿರಳವಲ್ಲ.

ಇಲ್ಲಿ ಬೇಕಾದುದು ದೊಡ್ಡ ಬಂಡವಾಳಕ್ಕಿಂತ ಒಂದೇ ಅಳತೆಯನ್ನು ಸಾವಿರ ಬಾರಿ ತಪ್ಪದೆ ಕೊಡುವ ಶಿಸ್ತು. ಮೊದಲ ನೂರು ಸೀಟ್‌ಗಳು ಸರಿಯಾಗಿದ್ದು ನೂರಾ ಒಂದನೆಯದರಲ್ಲಿ ತಿರುಪು ಸಡಿಲವಾದರೆ ಖರೀದಿದಾರನು ನೆನಪಿಡುವುದು ಅದೊಂದನ್ನೇ. ಒಂದೇ ಬಿಡಿಭಾಗವನ್ನು ಆರಿಸಿಕೊಂಡು, ಅದರ ವಸ್ತು, ಅಳತೆ, ಪರೀಕ್ಷೆಗಳನ್ನು ಲಿಖಿತ ರೂಪಕ್ಕೆ ತಂದು, ಸ್ಥಳೀಯ ದುರಸ್ತಿಗಾರರಿಗೆ ಮತ್ತು ಕೋಲು ಜೋಡಿಸುವ ಹವ್ಯಾಸಿಗಳಿಗೆ ಮೊದಲು ಒದಗಿಸಿ, ಅವರ ದೂರುಗಳಿಂದ ಕಲಿತು ಮುಂದುವರಿಯುವುದು ಸುರಕ್ಷಿತ ದಾರಿ.

ಕೋಲು ಮುರಿಯುವುದು, ಉಂಗುರ ಕಳಚುವುದು, ಸೀಟ್ ತಿರುಗುವುದು ಇವೆಲ್ಲ ನಡೆಯುವುದು ಗ್ರಾಹಕನು ಬಹುದಿನ ಕಾದ ಮೀನು ಸಿಕ್ಕಿದ ಕ್ಷಣದಲ್ಲಿಯೇ. ಏಕೆಂದರೆ ಹೊರೆ ಬೀಳುವುದು ಆಗ ಮಾತ್ರ. ಅಂಗಡಿಯಲ್ಲಿ ಐದು ನಿಮಿಷದ ಪರೀಕ್ಷೆಯಿಂದ ಹಿಡಿಯಬಹುದಾಗಿದ್ದ ದೋಷವನ್ನು ಗ್ರಾಹಕನು ಆ ಕ್ಷಣದಲ್ಲಿ ಕಂಡುಕೊಂಡರೆ ಅವನು ಕಳೆದುಕೊಳ್ಳುವುದು ಮೀನನ್ನು. ವರ್ತಕನು ಕಳೆದುಕೊಳ್ಳುವುದು ಅವನ ವಿಶ್ವಾಸವನ್ನು. ಬಿಡಿಭಾಗಗಳನ್ನು ಹೆಸರು ಹಿಡಿದು ಕೇಳಿ, ಬರೆದು ಕೊಂಡು, ನೋಡಿ ಇಳಿಸಿಕೊಳ್ಳುವ ಅಭ್ಯಾಸವನ್ನು ಮುಂದಿನ ಸರಕಿನಿಂದಲೇ ಆರಂಭಿಸುವುದು ಒಳಿತು.